ಸಿನಿಮಾ ಉತ್ತರ ಕೊಡದ ಪ್ರಶ್ನೆ

"ಎಂತಕ್ಕೆ ನಕ್ರಿ?"

ಕುಮಟೆಯ ಥಿಯೇಟರಿನಲ್ಲಿ ಸಿನಿಮಾ ಮುಗಿದು ಆಗಷ್ಟೇ ದೀಪ ಹತ್ತಿಕೊಂಡಿತ್ತು. ಜನ ಇನ್ನೂ ನಗುತ್ತಲೇ ಸೀಟಿನಡಿ ಚಪ್ಪಲಿ ಹುಡುಕುತ್ತಿದ್ದರು. ದೀಪಿಕಾ ಮಾತ್ರ ಎದ್ದು, ಪಕ್ಕದ ಸೀಟಿನ ರಾಜೀವನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಅವರಿಬ್ಬರು ನೇರವಾಗಿ ಮಾತಾಡಿದ್ದು ಅದೇ ಮೊದಲು!

ದೀಪಿಕಾ ಕಾಸರಕೋಡಿನವಳು. ಬಂದರಿನಲ್ಲಿ ಮೀನು ಕೊಂಡು, ಸ್ಕೂಟಿಗೆ ಐಸ್ ಡಬ್ಬಿ ಕಟ್ಟಿ, ಶರಾವತಿ ಸೇತುವೆ ದಾಟಿ ಹಳದೀಪುರದವರೆಗೆ ಮಾರುತ್ತಿದ್ದಳು. ರಾಜೀವ ಕುಮಟೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಮನೆಯವರು ನೋಡಿ ಒಪ್ಪಿದ ಸಂಬಂಧ. ಹುಡುಗ ಹುಡುಗಿ ಒಂದು ಸಿನಿಮಾ ನೋಡಲಿ ಎಂದು ಎರಡೂ ಮನೆಯವರು ಜೊತೆಗೇ ಬಂದಿದ್ದರು. ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾವೆಂದು ಆರಿಸಿದ್ದು ರಾಜೀವನ ತಾಯಿ ಕಮಲಿ.

"ನಗುವ ಸಿನಿಮಾ ಅಲ್ವಾ... ನಗು ಬಂತು," ರಾಜೀವ ತಡವರಿಸಿದ.

"ಸಿನಿಮಾದ ಆ ತಾಯಿ ಮಧ್ಯದಲ್ಲಿ ಎಂತ ಕೇಳಿದ್ಲು? ನನಗೆ ಎಂತ ಬೇಕು ಅಂತ ಈ ಮನೇಲಿ ಯಾರಾದ್ರೂ ಒಂದು ದಿನ ಕೇಳಿದ್ರಾ, ಅಂದ್ಲು. ಇಡೀ ಥಿಯೇಟರ್ ಸುಮ್ಮನಾಗಿತ್ತು. ಆಮೇಲೆ ಎಂತ ಆತು? ಗಂಡ ಜಾರಿ ಬಿದ್ದ, ಮಗ ಕೇಕ್ ತಂದ, ಎಲ್ಲ ಕುಣಿದ್ರು, ಮುಗೀತು! ಅವಳ ಮಾತಿಗೆ ಉತ್ತರ ಎಲ್ಲಿ?"

"ಸಿನಿಮಾದವರು ಅಷ್ಟೆಲ್ಲ ಯೋಚನೆ ಮಾಡ್ತಾರಾ?"

"ಅವರು ಮಾಡೂದು ಬೇಡ. ನೀವು ಮಾಡಿ. ಮದುವೆ ಆದ್ಮೇಲೆ ಮೀನಿನ ವ್ಯಾಪಾರ ಬಿಟ್ಟು ಮನೇಲಿ ಇರಬೇಕು ಅಂತ ನಿಮ್ಮ ಆಯಿ ಹೇಳಿ ಕಳಿಸಿದ್ದಾರೆ. ನೀವು ಎಂತ ಹೇಳ್ತ್ರಿ?"

ಹಿಂದಿನ ಸಾಲಿನಲ್ಲಿ ಕಮಲಿಯ ಮುಖ ಬಿಗಿಯಿತು. ದೀಪಿಕಾಳ ಅಪ್ಪ ರಮಾನಂದ ಕೆಮ್ಮಿದ. ರಾಜೀವ ಒಮ್ಮೆ ಆಯಿಯನ್ನು ನೋಡಿದ, ಒಮ್ಮೆ ದೀಪಿಕಾಳನ್ನು ನೋಡಿದ.

ಒಂದೂ ಮಾತಾಡಲಿಲ್ಲ.

ದೀಪಿಕಾ ಕಾದಳು. ಹೇಳು... ಏನಾದರೂ ಹೇಳು!

"ಆತು. ಗೊತ್ತಾತು. ಈ ಸಂಬಂಧ ನನಗೆ ಬೇಡ!"

ಅಂದು ದೀಪಿಕಾಳ ಮನೆ ರಣರಂಗವಾಯಿತು.

"ಅಷ್ಟು ಜನರ ಎದುರು ಮರ್ಯಾದೆ ತೆಗೆದ್ಯಲ್ಲೇ! ನಿನ್ನನ್ನ ಇನ್ನು ಯಾರು ಕೇಳ್ಕಂಡು ಬರ್ತ್ರು?" ರಮಾನಂದ ಕೂಗಾಡಿದ.

"ಬರದಿದ್ರೆ ಬೇಡ ಅಪ್ಪ. ನಾನು ಮೀನು ಮಾರ್ಕಂಡೇ ಬದುಕ್ತೆ."

ಬಾಯಲ್ಲಿ ಹಾಗೆಂದರೂ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಹುಡುಗಿ ನೋಡಲು ಬಂದ ದಿನ ಇದೇ ರಾಜೀವ, ಯಾರೂ ಹೇಳದೆಯೇ ಅಂಗಳಕ್ಕಿಳಿದು ಅವಳ ಕೆಮ್ಮುವ ಸ್ಕೂಟಿಯನ್ನು ಸರಿಮಾಡಿದ್ದ. ಕೈಯ ಮಸಿಯನ್ನು ಬಾಳೆಲೆಗೆ ಒರೆಸುತ್ತಾ ನಾಚಿ ನಕ್ಕಿದ್ದ. ಒಂದು ಮಾತೂ ಆಡದೆ ಇಷ್ಟವಾಗಿಬಿಟ್ಟಿದ್ದ! ಈಗ ಮಾತಾಡಬೇಕಾದ ಕಡೆ ಮಾತಾಡದೆ ದೂರವಾಗಿದ್ದ...

ಕೆಲವು ದಿನ ಕಳೆಯಿತು. ಹಳದೀಪುರದಲ್ಲಿ ದಿನಾ ಮೀನು ಕೊಳ್ಳುವ ಮುದುಕಿ ಲಕ್ಕಿ ಬಂಗಡೆ ಆರಿಸುತ್ತಾ ಕೇಳಿದಳು, "ನಿನ್ನ ಬಗ್ಗೆ ಒಬ್ಬ ವಿಚಾರಿಸ್ತಿದ್ದ ಮಗಾ. ದಿನಾ ಬರ್ತಾಳಾ, ಎಲ್ಲೆಲ್ಲಿ ಹೋಗ್ತಾಳೆ ಅಂತೆಲ್ಲ. ಯಾರವ? ಅಕೋ, ಅಲ್ಲೇ ನಿಂತಿದ್ದಾನೆ ನೋಡು."

ಬಸ್ ಸ್ಟಾಪಿನ ನೆರಳಲ್ಲಿ ರಾಜೀವ!

ದೀಪಿಕಾಳ ರಕ್ತ ಕುದಿಯಿತು. ತಕ್ಕಡಿ ಬಿಟ್ಟು ನೇರ ಅವನ ಬಳಿಗೆ ನಡೆದಳು.

"ಎಂತ? ನಾನು ಎಂಥವಳು ಅಂತ ಊರವರ ಹತ್ರ ವಿಚಾರಣೆ ಮಾಡ್ತಾ ಇದ್ರಿ?"

"ಅಯ್ಯೋ, ಹಾಗಲ್ಲ! ನಿಮ್ಮ ಗಿರಾಕಿಗಳು ಎಲ್ಲೆಲ್ಲಿದ್ದಾರೆ ಅಂತ ನೋಡ್ದೆ. ಕುಮಟೆಗೆ ಬಂದ್ರೆ ನೀವು ಇವರನ್ನೆಲ್ಲ ಕಳ್ಕಳ್ತ್ರಿ. ಅದಕ್ಕೆ..." ರಾಜೀವ ಸೇತುವೆಯ ಕಡೆ ಕೈ ತೋರಿಸಿದ. "ಕಾಸರಕೋಡಿನಲ್ಲೇ ರಿಪೇರಿ ಕೆಲಸಕ್ಕೆ ಒಂದು ಶೆಡ್ ಮಾತಾಡಿ ಬಂದೆ. ನಾನೇ ಅಲ್ಲಿಗೆ ಬರ್ತೆ. ನೀವು ಎಂತದೂ ಬಿಡೂದು ಬೇಡ."

ನನಗಾಗಿ ಊರು ಬಿಡಲು ಹೊರಟಿದ್ದಾನಾ? ದೀಪಿಕಾಳ ಕಣ್ಣು ತುಂಬಿ ಬಂತು. ಮರುಗಳಿಗೆಯಲ್ಲೇ ಹುಬ್ಬು ಗಂಟಿಕ್ಕಿತು.

"ಅವತ್ತು ಎಂತಕ್ಕೆ ಬಾಯಿ ಬಿಡಲಿಲ್ಲ?"

"ಹೆದರಿಕೆ ಆತು. ಆಯಿ ಎದುರು ನಾನು ಯಾವತ್ತೂ ಮಾತಾಡಿದವನಲ್ಲ. ತಪ್ಪಾತು."

"ಇವತ್ತು ಮಾಡಿದ್ದೂ ತಪ್ಪೇ! ನಿಮ್ಮ ಆಯಿ ಮನೇಲಿ ಕೂರು ಅಂದ್ರು. ನೀವು ಕಾಸರಕೋಡಲ್ಲೇ ಇರು ಅಂತ ತೀರ್ಮಾನ ಮಾಡಿದ್ರಿ. ಕೇಕ್ ತಂದ ಆ ಮಗನಿಗೂ ನಿಮಗೂ ಎಂತ ವ್ಯತ್ಯಾಸ? ನನ್ನನ್ನ ಯಾರು ಕೇಳಿದ್ರು?"

ಮೀನಿಗೆ ಕಾದಿದ್ದ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ರಾಜೀವ ಅವರ ಕಡೆ ನೋಡಲಿಲ್ಲ. ದೀಪಿಕಾಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ.

"ಹೌದು... ನಿಮಗೆ ಎಂತ ಬೇಕು ದೀಪಿಕಾ?"

ಇಷ್ಟು ವರ್ಷದಲ್ಲಿ ಅಪ್ಪನಾಗಲಿ, ಆಯಿಯಾಗಲಿ, ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ.

"ನನಗೆ ಕುಮಟೆಗೇ ಬರಬೇಕು. ಬಿಸಿಲಲ್ಲಿ ನಿಂತು ಮಾರಿ ಸಾಕಾಗಿದೆ. ಮಾರ್ಕೆಟ್ಟಿನಲ್ಲಿ ತಲೆ ಮೇಲೆ ಸೂರಿರುವ ಒಂದು ಅಂಗಡಿ ಬೇಕು. ಬೋರ್ಡಿನ ಮೇಲೆ ನನ್ನ ಹೆಸರೇ ಇರಬೇಕು. ಅಪ್ಪಂದೂ ಅಲ್ಲ, ಗಂಡಂದೂ ಅಲ್ಲ!"

ರಾಜೀವ ತಲೆ ಕೆರೆದುಕೊಂಡ. "ಹಾಗಾದ್ರೆ ಶೆಡ್?"

"ಬೇಡ ಅಂತ ಹೇಳಿ ಬನ್ನಿ!"

ಇಬ್ಬರಿಗೂ ಒಟ್ಟಿಗೇ ನಗು ಉಕ್ಕಿತು.

ಮರುದಿನ ಅವಳೇ ಕುಮಟೆಗೆ ಹೋದಳು. ಅಪ್ಪ ತಡೆದ. ನಿಲ್ಲಲಿಲ್ಲ. ರಾಜೀವನ ಮನೆಯ ಜಗಲಿಯಲ್ಲಿ ಕಮಲಿಯ ಎದುರು ಕೂತು, ಅಂಗಡಿಯ ವಿಷಯವನ್ನು ಒಂದನ್ನೂ ಮುಚ್ಚಿಡದೆ ಹೇಳಿದಳು.

ಕಮಲಿ ಸಿಡುಕಿದಳು. "ಮಗ ದುಡೀತಾನೆ. ಸೊಸೆ ಮಾರ್ಕೆಟ್ಟಿನಲ್ಲಿ ಕೂತ್ರೆ ಜನ ಎಂತ ಕೇಳ್ತ್ರು?"

"ಬಂಗಡೆ ತಾಜಾ ಇದ್ಯಾ ಅಂತ ಕೇಳ್ತ್ರು."

ಕಮಲಿಯ ತುಟಿ ಅದುರಿತು. ನಗು ತಡೆಯಲು ಸೆರಗು ಬಾಯಿಗಿಟ್ಟಳು. ಆದರೂ ಪಟ್ಟು ಬಿಡಲಿಲ್ಲ. "ಬಾಯಿ ಜೋರಿದೆ ನಿಂದು. ನಾನು ಒಪ್ಪೂದಿಲ್ಲ."

ಆಗ ಬಾಗಿಲಲ್ಲಿ ನಿಂತಿದ್ದ ರಾಜೀವ ಮುಂದೆ ಬಂದ. ಕಮಲಿಯ ಕಣ್ಣನ್ನೇ ನೋಡುತ್ತಾ ಹೇಳಿದ.

"ಆಯಿ, ಇವಳು ಅಂಗಡಿ ಇಟ್ಟೇ ಇಡ್ತಾಳೆ. ನಾನು ಮದುವೆ ಆಗೂದೂ ಇವಳನ್ನೇ. ನಿನ್ನ ಬಿಟ್ಟು ಹೋಗೂದಿಲ್ಲ, ಇವಳನ್ನೂ ಬಿಡೂದಿಲ್ಲ. ಸಿಟ್ಟು ಬಂದ್ರೆ ನನಗೆ ಬೈ."

ಕಮಲಿ ಮಗನನ್ನು ಹೊಸಬನನ್ನು ನೋಡುವಂತೆ ನೋಡಿದಳು. ನಂತರ ನಿಧಾನವಾಗಿ ಎದ್ದಳು.

"ನಾನು ಒಪ್ಪಿದೆ ಅಂತ ತಿಳ್ಕಬೇಡಿ," ಎನ್ನುತ್ತಾ ಒಳಗೆ ನಡೆದವಳು ಬಾಗಿಲಲ್ಲಿ ನಿಂತಳು. "ಊಟ ಮಾಡಿ ಹೋಗು. ಮಾರ್ಕೆಟ್ಟಿನ ಒಳಗೆ ಗಾಳಿ ಬರೂದಿಲ್ಲ. ಅಂಗಡಿ ಹಿಡಿಯೂದಾದ್ರೆ ರಸ್ತೆ ಬದಿಗೆ ಹಿಡಿ."

ದೀಪಿಕಾ ಬಾಯಿ ತೆರೆದು ರಾಜೀವನನ್ನು ನೋಡಿದಳು. ಅವನ ಕಣ್ಣು ಒದ್ದೆಯಾಗಿತ್ತು.

ಊಟವಾದ ಮೇಲೆ ಅವಳನ್ನು ಬೀಳ್ಕೊಡಲು ಬಂದವನು ಬೇಲಿಯ ಬಳಿ ನಿಂತ.

"ಮದುವೆ ಯಾವಾಗ ಇಟ್ಕಳ್ಳೂದು?"

"ಜೂನಿನಲ್ಲಿ. ಮಳೆಗೆ ಮೀನು ಹಿಡಿಯೂದು ನಿಂತು ಬೋಟೆಲ್ಲ ದಡಕ್ಕೆ ಬಂದ ಮೇಲೆ. ಅಲ್ಲಿವರೆಗೆ ನಿಮಗೂ ಪುರುಸೊತ್ತಿಲ್ಲ, ನನಗೂ ಇಲ್ಲ."

"ಮಳೆಗಾಲದಲ್ಲಿ ಮದುವೆಯಾ? ನೆಂಟರೆಲ್ಲ ಬೈತ್ರು!"

"ಬೈಲಿ! ಕೊಡೆ ಹಿಡ್ಕಂಡು ಬರಲಿ."

ರಾಜೀವ ಅವಳ ಬೆರಳಿಗೆ ಬೆರಳು ತಾಗಿಸಿದ. ದೀಪಿಕಾ ಕೈ ಹಿಂದೆಗೆಯಲಿಲ್ಲ. ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಕೈ ಮೀನು ವಾಸನೆ ಬರ್ತದೆ," ಅಂದಳು, ಗತ್ತಿನಿಂದಲೇ.

"ನಂದು ಡೀಸೆಲ್ ವಾಸನೆ. ಬಿಡ್ತ್ಯಾ?"

"ಬಿಡೂದಿಲ್ಲ ಹೋಗೋ."