ಸೋಸಲೆಯಲ್ಲಿ ಕಡಿದ ರಸಬಾಳೆ

"ಮೇಡಂ, ನಾನು ಕಡಿದಿಲ್ಲ. ನಂಜುಂಡೇಶ್ವರನ ಆಣೆಗೂ ನಾನು ಕಡಿದಿಲ್ಲ."

ಹೊಸಿಲು ಮುಟ್ಟುವ ಮುಂಚೆಯೇ ವಾಣಿ ಹೇಳಿದ ಮಾತು ಇದು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ನಾಗರತ್ನ ತಲೆಯೆತ್ತಿ ನೋಡಿದರು, ಕೈ ಮಾತ್ರ ನಿಲ್ಲಲಿಲ್ಲ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ವಕೀಲ ಚೆಲುವರಾಜು ಲೋಟ ಕೆಳಗಿಟ್ಟ. ಯಾರೂ ಏನೂ ಕೇಳದೆ 'ನಾನಲ್ಲ' ಅನ್ನುವವರನ್ನು ಅವನು ಕೋರ್ಟಿನಲ್ಲಿ ಬೇಕಾದಷ್ಟು ಕಂಡಿದ್ದ.

ನಾಗರತ್ನ ಪೊಲೀಸ್ ಪ್ರಯೋಗಾಲಯದಲ್ಲಿ ಜೀವಮಾನವೆಲ್ಲ ದುಡಿದು, ನಿವೃತ್ತರಾದ ಮೇಲೆ ನಂಜನಗೂಡಿನ ತವರುಮನೆಗೆ ಬಂದು ನೆಲೆಸಿದವರು. ಬಿಡಿಸಲಾಗದ ಗಂಟೇನಾದರೂ ಇದ್ದರೆ ಊರಿನ ಜನ ಠಾಣೆಗಿಂತ ಮೊದಲು ಅವರ ಜಗಲಿ ಹತ್ತುತ್ತಿದ್ದರು. ಅವರಿಗೆ ಕಾರು ಓಡಿಸಲು ಬಾರದು, ಚೆಲುವರಾಜುವಿಗೆ ಕುತೂಹಲ ತಡೆಯಲು ಬಾರದು. ಹಾಗಾಗಿ ಇಬ್ಬರಿಗೂ ಜೋಡಿ ಕುದುರಿತ್ತು.

"ಕೂತ್ಕೊಂಡು ಹೇಳು. ಏನು ಕಡಿದಿಲ್ಲ ನೀನು?"

ವಾಣಿಯ ಬೆನ್ನ ಹಿಂದೆ ಇನ್ನೊಬ್ಬಳಿದ್ದಳು. ಗೆಳತಿ ತೇಜಸ್ವಿನಿ. ಸುದ್ದಿ ಕೇಳಿದ ಕೂಡಲೇ ತಿ. ನರಸೀಪುರದ ತನ್ನ ರೂಮಿನಿಂದ ಸ್ಕೂಟರಿನಲ್ಲಿ ಓಡಿ ಬಂದಿದ್ದಳಂತೆ. ಅವಳೇ ವಾಣಿಯ ಭುಜ ಹಿಡಿದು ಕೂರಿಸಿದಳು. ಅವಳ ತೆಳು ಹಳದಿ ದುಪಟ್ಟಾದ ಒಂದು ತುದಿ ಗಂಜಿ ಹಾಕಿದಂತೆ ಬಿರುಸಾಗಿ ನಿಂತಿದ್ದನ್ನು ಚೆಲುವರಾಜು ನೋಡಿದ. ನಾಗರತ್ನರೂ ನೋಡಿದರೇನೋ, "ದುಪಟ್ಟಾಗೆ ಏನಾಯ್ತಮ್ಮ, ನೆಂದಿತ್ತಾ? ಟವೆಲ್ ಕೊಡ್ಲಾ?" ಅಂದರು.

"ಬೇಡ ಮೇಡಂ, ದಾರೀಲಿ ಮುಖ ತೊಳ್ಕೊಂಡೆ ಅಷ್ಟೆ," ಎಂದಳು ತೇಜಸ್ವಿನಿ.

ವಾಣಿ ಕತೆ ಹೇಳಿದಳು. ತಿ. ನರಸೀಪುರದ 'ಸಂಗಮ ಕೃಷಿ ಸಂಶೋಧನಾ ಕೇಂದ್ರ'ದಲ್ಲಿ ಅವಳು ಪಿಎಚ್‌ಡಿ ವಿದ್ಯಾರ್ಥಿನಿ. ಅವಳ ಮಾರ್ಗದರ್ಶಕ ಪ್ರೊಫೆಸರ್ ಚಂದ್ರಶೇಖರ್, ಸಹಾಯಕ ಕಿರಣ್ ಮತ್ತು ತೇಜಸ್ವಿನಿ, ಈ ಮೂವರ ಹೆಸರಿನಲ್ಲಿ ದೊಡ್ಡ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂದಿತ್ತು. ನಂಜನಗೂಡು ರಸಬಾಳೆಯನ್ನು ಹೆಚ್ಚುಕಮ್ಮಿ ಮುಗಿಸಿಯೇಬಿಟ್ಟ ಸೊರಗು ರೋಗಕ್ಕೆ ಮದ್ದು ಸಿಕ್ಕಿದೆ ಎಂಬ ಪ್ರಬಂಧ ಅದು. ಹತ್ತಿರದ ಸೋಸಲೆ ಊರಿನ ರೈತ ಬೆಟ್ಟಯ್ಯನ ಜಮೀನಿನಲ್ಲಿ ರೋಗ ತಗುಲಿದ ಬಾಳೆಯ ಎರಡು ಮಡಿ ಬೆಳೆಸಿ, ಒಂದಕ್ಕೆ ಮಾತ್ರ ದ್ರಾವಣ ಹಾಕಿದರಂತೆ. ಹಾಕಿದ ಮಡಿ ಚಿಗುರಿತು, ಹಾಕದ ಮಡಿ ಸೊರಗಿತು.

"ಈ ಎರಡು ಫೋಟೋ ನೋಡಿ ಮೇಡಂ, ಪ್ರಬಂಧದಲ್ಲಿರೋದು." ವಾಣಿ ಮೊಬೈಲ್ ಚಾಚಿದಳು. ಒಂದರಲ್ಲಿ ಹಸಿರು ಬಾಳೆಯ ಪಕ್ಕ ಬೆಟ್ಟಯ್ಯ ನಿಂತಿದ್ದ, ಇನ್ನೊಂದರಲ್ಲಿ ಹಳದಿಗಟ್ಟಿದ ಬಾಳೆಯ ಪಕ್ಕ. "ಎರಡನೇದರಲ್ಲಿ ಅವನ ಅಂಗಿ ಜೇಬು ಬಲಗಡೆಗಿದೆ."

ಚೆಲುವರಾಜು ತನ್ನ ಜೇಬು ಮುಟ್ಟಿ ನೋಡಿಕೊಂಡ. ಎಡಗಡೆ. "ಅಂದ್ರೆ ಒಂದೇ ಫೋಟೋನ ಕನ್ನಡಿ ತಿರುಗಿಸಿದ ಹಾಗೆ ತಿರುಗಿಸಿ, ಹಳದಿ ಬಣ್ಣ ಬಳಿದಿದ್ದಾರೆ!"

"ಅದನ್ನೇ ಪತ್ರಿಕೆಗೆ ಬರೆದೆ ಸರ್. ನಾಳೆ ತೋಟ ನೋಡೋಕೆ ಅವರ ಕಡೆಯ ತಪಾಸಣೆಯವರು ಬರ್ತಾರೆ. ನಿನ್ನೆ ಸಾಯಂಕಾಲ ತೋಟ ನೋಡೋಣ ಅಂತ ಹೋದೆ. ಬೆಟ್ಟಯ್ಯ ಬೇಲಿ ದಾಟೋಕೇ ಬಿಡಲಿಲ್ಲ. ಇವತ್ತು ಬೆಳಿಗ್ಗೆ ನೋಡಿದ್ರೆ ಎಲ್ಲಾ ಗಿಡ ಕಡಿದು ಬಿದ್ದಿವೆಯಂತೆ. ಗಿಡದ ಮಧ್ಯೆ ನನ್ನ ನೀರಿನ ಬಾಟಲಿ ಸಿಕ್ಕಿದೆಯಂತೆ. ಅದನ್ನ ನಾನು ಶನಿವಾರವೇ ಕೇಂದ್ರದ ನನ್ನ ಮೇಜಿನ ಮೇಲೆ ಬಿಟ್ಟು ಬಂದಿದ್ದೆ."

"ಬೆಳಗಿನ ಜಾವ ಎಲ್ಲಿದ್ದೆ?"

"ಸೋಮವಾರ ಅಲ್ವಾ, ಅಮ್ಮನ ಜೊತೆ ದೇವಸ್ಥಾನದಲ್ಲಿದ್ದೆ."

ಅದು ನಿಜ. ಮೊದಲ ಪೂಜೆಯ ಸಾಲಿನಲ್ಲಿ ತಾಯಿಮಗಳನ್ನು ಚೆಲುವರಾಜು ತಾನೇ ಕಂಡಿದ್ದ. ಆದರೆ ಕಡಿದದ್ದು ರಾತ್ರಿಯೇ ಆಗಿದ್ದರೆ? ಅವನ ಅನುಮಾನ ಪೂರ್ತಿ ಇಳಿಯಲಿಲ್ಲ.

"ನೀನೇನಮ್ಮ, ತೋಟಕ್ಕೆ ಹೋಗ್ತಿರ್ತೀಯಾ?" ನಾಗರತ್ನ ತೇಜಸ್ವಿನಿಯ ಕಡೆ ತಿರುಗಿದರು.

"ಇಲ್ಲ ಮೇಡಂ, ನಾನು ಅಂಕಿಅಂಶದವಳು. ಮೈಸೂರು ಸಿಟಿಯಲ್ಲಿ ಬೆಳೆದೋಳು. ಮಳೆಗಾಲದಿಂದೀಚೆ ಆ ಕಡೆ ತಲೆ ಹಾಕಿಲ್ಲ."

ನಾಗರತ್ನ ಮೊರ ಬದಿಗಿಟ್ಟರು. "ಚೆಲುವರಾಜು, ಕಾರು ತೆಗಿ. ನೀವಿಬ್ರೂ ಬನ್ನಿ."

ಸೋಸಲೆ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಕಾವೇರಿಯ ದಡಕ್ಕೆ ಅಂಟಿಕೊಂಡಂತಿದ್ದ ಜಮೀನು. ಎರಡೂ ಮಡಿಯ ಬಾಳೆ ಸೊಂಟದೆತ್ತರಕ್ಕೆ ಕಡಿಸಿಕೊಂಡು, ತಲೆಯೆಲ್ಲ ಒಂದರ ಮೇಲೊಂದು ಬಿದ್ದು ಬಾಡುತ್ತಿತ್ತು. ಪಂಪ್‌ಹೌಸ್ ಹತ್ತಿರ ಸಬ್‌ಇನ್‌ಸ್ಪೆಕ್ಟರ್ ಮಹದೇವಯ್ಯ ನಿಂತಿದ್ದರು. ನಾಗರತ್ನ ಅವರಿಗೆ ಹಳೆಯ ಪರಿಚಯ.

"ಕೇಸ್ ಸುಲಭ ಮೇಡಂ," ಎಂದರು ಮಹದೇವಯ್ಯ. "ಈ ಹುಡುಗಿಗೂ ಪ್ರೊಫೆಸರಿಗೂ ಜಗಳ. ಬಾಟಲಿ ಸಿಕ್ಕಿದೆ. ಮಚ್ಚು ಬೆಟ್ಟಯ್ಯಂದೇ, ಪಂಪ್‌ಹೌಸಲ್ಲಿತ್ತು, ಬೀಗ ಇಲ್ಲ."

"ಇವಳದ್ದೇ ಕೆಲಸ!" ಪ್ರೊಫೆಸರ್ ಚಂದ್ರಶೇಖರ್ ಕೂಗಿದರು. ಹಿಂದಿನ ದಿನ ಮೈಸೂರಿನಲ್ಲಿ ಭಾಷಣ ಮುಗಿಸಿ, ಅಲ್ಲೇ ತಂಗಿದ್ದು, ಸುದ್ದಿ ತಿಳಿದು ಬಂದವರು. "ನನ್ನ ಹೆಸರು ಕೆಡಿಸಬೇಕು, ಅಷ್ಟೇ ಇವಳಿಗೆ. ಪ್ರಬಂಧದ ಒಂದೊಂದು ಹಂತವೂ ನನ್ನ ಕಣ್ಣೆದುರೇ ಆಗಿದೆ."

"ಹೌದಾ? ದ್ರಾವಣ ಹಾಕಿದ ಮಡಿ ಯಾವುದು ಸರ್?" ನಾಗರತ್ನ ಮೆತ್ತಗೆ ಕೇಳಿದರು.

ಪ್ರೊಫೆಸರ್ ಒಂದು ಕ್ಷಣ ತಡೆದು ನದಿಯ ಕಡೆ ಕೈ ತೋರಿಸಿದರು. ಜಮೀನಿನ ಯಜಮಾನ ಬೆಟ್ಟಯ್ಯ ತಲೆ ಕೆರೆದುಕೊಂಡ. "ಅದಲ್ಲ ಸಾ. ಔಸ್ದಿ ಉಯ್ದಿದ್ದು ಈ ಕಡೇದಕ್ಕೆ."

ಪ್ರೊಫೆಸರ್ ಮುಖ ಕೆಂಪಾಯಿತು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಚೆಲುವರಾಜು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಅಷ್ಟರಲ್ಲಿ ಸಹಾಯಕ ಕಿರಣ್ ಕಣ್ಣಿಗೆ ಬಿದ್ದ. ಅವನ ಅಂಗಿಯ ತೋಳಿನ ತುಂಬ ಬಾಳೆಯ ಸೊನೆಯ ಕಡುಕಂದು ಕರೆ! ಚೆಲುವರಾಜು ನಾಗರತ್ನರ ಕಿವಿಯಲ್ಲಿ ಪಿಸುಗುಟ್ಟಿದ, "ಇವನೇ. ಅಂಗಿ ಕೂಡ ಬದಲಾಯಿಸಿಲ್ಲ."

"ನೋಡ್ದೆ," ಎಂದರು ಅವರು, ಅಷ್ಟೇ.

ಕಿರಣ್ ಮಾತು ತೊದಲುತ್ತಿತ್ತು. ಬೆಟ್ಟಯ್ಯ ಫೋನ್ ಮಾಡಿದ ಮೇಲೇ ಬಂದೆ, ಗಿಡಕ್ಕೆ ನೀರು, ದ್ರಾವಣ ಹಾಕುವುದಷ್ಟೇ ತನ್ನ ಕೆಲಸ ಎಂದ. "ಗಿಡಕ್ಕೆ ರೋಗ ತಗುಲಿದೆ ಅಂತ ಪರೀಕ್ಷೆ ಮಾಡಿಸಿದ್ದು ಯಾರಪ್ಪ?" ಎಂದು ನಾಗರತ್ನ ಕೇಳಿದಾಗ, "ರಿಪೋರ್ಟ್ ಬಂದಿತ್ತು ಅಂದ್ರು... ನಾನು ನೋಡಿಲ್ಲ," ಎಂದು ನೆಲ ನೋಡಿದ.

ಬೆಟ್ಟಯ್ಯನ ಕತೆ ನೇರವಾಗಿತ್ತು. "ನೆನ್ನೆ ಬೈಗ್ನಲ್ಲಿ ಈ ಅವ್ವ ಬೇಲಿ ತಾವ ಬಂದಿತ್ತು. ಒಳೀಕೆ ಬುಡಬ್ಯಾಡ ಅಂತ ಪ್ರೊಪೇಸರು ಏಳಿದ್ರು, ಬುಡಲಿಲ್ಲ. ಆಮ್ಯಾಕೆ ಮನಿಗೆ ಓದೆ. ಬೆಳಿಗ್ಗೆ ಡೈರಿಗೆ ಆಲು ಉಯ್ದು ಬಂದು ನೋಡ್ತೀನಿ, ಇಂಗಾಗದೆ."

ನಾಗರತ್ನ ಬದುವಿನ ಮೇಲಿದ್ದ ಒಂಟಿ ಬಾಳೆಯ ಹತ್ತಿರ ನಿಂತರು. ಅದನ್ನೂ ಯಾರೋ ಕಡಿದಿದ್ದರು. ಕಡಿದ ದಿಂಡಿನ ನಡುವಿನಿಂದ ಎಳೆ ಸುಳಿ ಒಂದು ಗೇಣು ಮೇಲೆದ್ದಿತ್ತು.

"ಇದು ನಾನೇ ಕಡ್ದಿದ್ದು ಕಣ್ರವ್ವ," ಎಂದ ಬೆಟ್ಟಯ್ಯ. "ನೆನ್ನೆ ಸಂಜೆ, ಈ ಅವ್ವನ್ನ ಕಳುಸ್ಬುಟ್ಟು, ದನಕ್ಕೆ ಅಂತ ಎಲೆ, ದಿಂಡು ಮನಿಗೆ ತಕ್ಕೊಂಡೋದೆ."

ಆಮೇಲೆ ನಾಗರತ್ನ ಎರಡೂ ಮಡಿಗಳೊಳಗೆ ಇಳಿದು ಬುಡದಿಂದ ಬುಡಕ್ಕೆ ನಡೆದರು. ಪ್ರತಿ ಕಡಿತದ ಮೇಲೂ ಬೆರಳಿಟ್ಟು ನೋಡಿದರು. ಅಲ್ಲಿ ಸುಳಿ ಬೆರಳಗಲವಷ್ಟೇ ಎದ್ದಿತ್ತು, ಕಡಿತ ಬೆಣ್ಣೆಯ ಹಾಗೆ ಬೆಳ್ಳಗಿತ್ತು. ಬೇರೊಂದು ಮಚ್ಚು ತರಿಸಿ ಕೆಲವು ಗೆಡ್ಡೆಗಳನ್ನೂ ಸೀಳಿಸಿದರು. ಅವೂ ಬಿಳಿ. ತೇಜಸ್ವಿನಿ ಮಾತ್ರ ಕೆಸರು ಎಂದು ಬದುವಿನಿಂದ ಕೆಳಗಿಳಿಯಲಿಲ್ಲ. ಬಿಸಿಲಿಗೆ ದುಪಟ್ಟಾ ತಲೆಗೆ ಹೊದ್ದಿದ್ದಳು. ಅದರ ತುದಿಯಲ್ಲಿ ಟೀ ಬಣ್ಣದ ಕಲೆ ಕಂಡಾಗ, ದಾರಿಯಲ್ಲಿ ತಾನೇ ಕೊಡಿಸಿದ ಟೀ ಚೆಲ್ಲಿಕೊಂಡಿರಬೇಕು ಅಂದುಕೊಂಡ ಚೆಲುವರಾಜು.

ಮಧ್ಯಾಹ್ನ ಎಲ್ಲರೂ ಪಂಪ್‌ಹೌಸ್ ನೆರಳಿನಲ್ಲಿ ಸೇರಿದರು. ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ.

"ಮೊದಲು ಹೊತ್ತು ಯಾವುದು ಅಂತ ನೋಡೋಣ," ನಾಗರತ್ನ ಶುರು ಮಾಡಿದರು. "ಬಾಳೆ ಕಡಿದರೂ ಅದರ ಸುಳಿ ಸುಮ್ಮನಿರಲ್ಲ, ಮೇಲೆ ಬರ್ತಾನೇ ಇರತ್ತೆ. ಬೆಟ್ಟಯ್ಯ ನಿನ್ನೆ ಸಂಜೆ ಕಡಿದದ್ದು ಗೇಣುದ್ದ ಬಂದಿದೆ. ಈ ಮಡಿಗಳಲ್ಲಿ ಬೆರಳಗಲ. ಅಂದ್ರೆ ಇವನ್ನ ಕಡಿದದ್ದು ನಿನ್ನೆ ಸಂಜೆಯೂ ಅಲ್ಲ, ರಾತ್ರಿಯೂ ಅಲ್ಲ. ಇವತ್ತು ಬೆಳಕು ಹರಿಯೋ ಹೊತ್ತಿಗೆ, ಬೆಟ್ಟಯ್ಯ ಡೈರಿಗೆ ಹೋಗಿದ್ದಾಗ. ಆಗ ವಾಣಿ ನಂಜನಗೂಡಿನಲ್ಲಿದ್ದಳು. ಚೆಲುವರಾಜುವೇ ಸಾಕ್ಷಿ."

ಮಹದೇವಯ್ಯ ಟೋಪಿ ತೆಗೆದು ಬೆವರೊರೆಸಿಕೊಂಡರು. "ಮತ್ತೆ ಬಾಟಲಿ?"

"ಅದಿದ್ದದ್ದು ಕೇಂದ್ರದಲ್ಲಿ, ಅವಳ ಮೇಜಿನ ಮೇಲೆ. ತಂದು ಹಾಕಿದವರು ಅಲ್ಲಿಗೆ ಹೋಗಿಬರುವವರು. ಈಗ ಕಾರಣಕ್ಕೆ ಬರೋಣ. ಸೊರಗು ರೋಗ ಹತ್ತಿದ ಬಾಳೆ ಸೀಳಿದರೆ ಒಳಗೆ ಕಂದು ಗೆರೆ ಕಾಣತ್ತೆ. ಇಲ್ಲಿ ಎರಡೂ ಮಡಿಯ ಒಂದು ಬುಡದಲ್ಲೂ ಅದಿಲ್ಲ. ಈ ಗಿಡಗಳಿಗೆ ರೋಗ ಬಂದೇ ಇರಲಿಲ್ಲ. ದ್ರಾವಣ ಹಾಕದ ಮಡಿಯೂ ನಿನ್ನೆವರೆಗೆ ಹಸಿರಾಗೇ ಇತ್ತು. ಹೌದೇನಪ್ಪ ಬೆಟ್ಟಯ್ಯ?"

"ಊಂ, ಎರಡೂ ಒಂದೇ ಸಮ ಅಸ್ರಾಗಿದ್ವು."

"ಪ್ರಬಂಧದಲ್ಲಿ ಆ ಮಡಿ ಸೊರಗಿ ಹೋಗಿದೆ. ನಾಳೆ ಬರುವವರು ಹಸಿರು ಗಿಡ ಕಂಡರೆ ಮುಗೀತು. ಎಲ್ಲವನ್ನೂ ಕಡಿದುಬಿಟ್ಟರೆ ಯಾವುದು ಸೊರಗಿತ್ತು, ಯಾವುದು ಸೊಂಪಾಗಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ದೂರು ಕೊಟ್ಟವಳ ತಲೆಗೇ ಕಟ್ಟಿದರೆ ಅವಳ ಮಾತನ್ನೂ ಯಾರೂ ನಂಬಲ್ಲ."

ಎಲ್ಲರ ಕಣ್ಣೂ ಪ್ರೊಫೆಸರ್ ಮೇಲೆ ಹೊರಳಿತು.

"ಇವರಲ್ಲ," ಎಂದರು ನಾಗರತ್ನ. "ಯಾವ ಮಡಿ ಯಾವುದು ಅಂತಲೇ ಇವರಿಗೆ ಗೊತ್ತಿಲ್ಲ. ಸರ್, ನೀವು ಈ ತೋಟಕ್ಕೆ ಇವತ್ತೇ ಮೊದಲು ಬಂದದ್ದು, ಅಲ್ವಾ? ನೋಡದ ಗಿಡದ ಮೇಲೆ, ಮಾಡದ ಕೆಲಸದ ಮೇಲೆ, ಮೊದಲ ಹೆಸರು ಹಾಕಿಸಿಕೊಂಡಿರಿ. ಹುಡುಗಿ ತಪ್ಪು ತೋರಿಸಿದಾಗ ಪ್ರಬಂಧ ತಿರುವಿ ನೋಡೋ ಬದಲು ಅವಳನ್ನೇ ಬೈದಿರಿ. ಮಚ್ಚು ಹಿಡಿಯದೇ ಇದ್ದರೂ ಇದರಲ್ಲಿ ನಿಮ್ಮ ಪಾಲಿದೆ."

ಪ್ರೊಫೆಸರ್ ಪಂಪ್‌ಹೌಸ್ ಗೋಡೆಯ ಕಡೆ ತಿರುಗಿಕೊಂಡರು.

"ಹಂಗಾದ್ರೆ ಕಿರಣ್?" ಚೆಲುವರಾಜುವಿಗೆ ತಡೆಯಲಾಗಲಿಲ್ಲ. "ಅಂಗಿ ಮೇಲೆ ಕರೆ ಇದೆಯಲ್ಲ!"

"ಇರೋದಕ್ಕೇ ಅವನಲ್ಲ ಅನ್ನೋದು. ಬಾಳೆಯ ಸೊನೆ ಬಟ್ಟೆಗೆ ತಾಗಿದಾಗ ನೀರಿನ ಹಾಗಿರತ್ತೆ, ಒಣಗಿದರೆ ಬಿರುಸಾಗತ್ತೆ. ಗಂಟೆಗಟ್ಟಲೆ ಆದ ಮೇಲೆ ನಿಧಾನವಾಗಿ ಕಂದು ತಿರುಗತ್ತೆ. ಕಿರಣ್ ಅಂಗಿಯದು ನಾವು ಬಂದಾಗಲೇ ಕಡುಕಂದು, ಈಗಲೂ ಅಷ್ಟೇ. ಅದು ತಿಂಗಳುಗಳ ಕೆಲಸದ ಕರೆ. ನಾನು ಹುಡುಕಿದ್ದು ಬೆಳಿಗ್ಗೆ ಬಣ್ಣವೇ ಇಲ್ಲದೆ, ಮಧ್ಯಾಹ್ನದ ಹೊತ್ತಿಗೆ ಬಣ್ಣ ಬಂದ ಕರೆ." ಅವರು ತಿರುಗಿದರು. "ತೇಜಸ್ವಿನಿ, ದುಪಟ್ಟಾ ತುದಿ ನೋಡ್ಕೊಳ್ಳಮ್ಮ."

ತೇಜಸ್ವಿನಿ ನೋಡಿಕೊಂಡಳು. ಬೆಳಿಗ್ಗೆ ಬಿರುಸಾಗಿ ನಿಂತಿದ್ದ ತುದಿಯಲ್ಲಿ ಈಗ ಕಂದು ಕಲೆಗಳು ಎದ್ದುಬಂದಿದ್ದವು.

"ಅದು... ಟೀ," ಎಂದಳು.

"ಟೀ ಕುಡಿಯುವ ಮೊದಲೇ ನಮ್ಮ ಜಗಲಿಯಲ್ಲಿ ಅದು ಬಿರುಸಾಗಿತ್ತು. ಬರೀ ನೀರು ಒಣಗಿದರೆ ಬಟ್ಟೆ ಹಾಗೆ ನಿಲ್ಲಲ್ಲ. ಮಳೆಗಾಲದಿಂದ ತೋಟಕ್ಕೆ ಬಂದಿಲ್ಲ ಅಂದೆ. ಇವತ್ತು ನಮ್ಮ ಜೊತೆ ಬಂದಮೇಲೂ ಬದು ಬಿಟ್ಟು ಇಳಿಯಲಿಲ್ಲ. ಹಾಗಾದರೆ ಹಸಿ ಸೊನೆ ಎಲ್ಲಿಂದ ಬಂತು? ಕಡಿದ ಮೇಲೆ ಕೈ ಒರೆಸಿಕೊಂಡಿದ್ದೀಯ. ಪ್ರಯೋಗಾಲಯಕ್ಕೆ ಕಳಿಸಿದರೆ ಟೀ ಯಾವುದು, ಬಾಳೆ ಯಾವುದು ಅಂತ ಅವರು ಹೇಳ್ತಾರೆ."

ಕಿರಣ್ ಒಮ್ಮೆಲೇ ಮಾತಾಡಿದ. "ರಿಪೋರ್ಟ್ ಬಂದಿದೆ ಅಂದಿದ್ದು ತೇಜಸ್ವಿನಿ ಮೇಡಂ. ನಾನು ತೆಗೆದ ಫೋಟೋ ಇಸ್ಕೊಂಡಿದ್ದೂ ಅವರೇ. ಪ್ರಿಂಟಾದ ಮೇಲೆ ನೋಡಿ ನಂಗೆ ಗೊತ್ತಾಯ್ತು ಸರ್. ನನ್ನ ಡಿಗ್ರಿಗೆ ಇವರೆಲ್ಲರ ಸಹಿ ಬೇಕಿತ್ತು. ಬಾಯಿ ಮುಚ್ಕೊಂಡೆ."

ತೇಜಸ್ವಿನಿ ದುಪಟ್ಟಾ ತುದಿ ಮುದುರಿ ಹಿಡಿದು ನೆಲದ ಮೇಲೆ ಕೂತಳು. ವಾಣಿ ಅಭ್ಯಾಸಬಲದಿಂದ ಅವಳ ಕಡೆ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತುಬಿಟ್ಟಳು.

"ರೋಗ ಬರಲೇ ಇಲ್ಲ," ಎಂದಳು ತೇಜಸ್ವಿನಿ. "ಎರಡು ಮಡೀನೂ ಚೆನ್ನಾಗೇ ಬೆಳೀತು. ರೋಗವೇ ಬರದಿದ್ರೆ ಮದ್ದು ಕೆಲಸ ಮಾಡ್ತು ಅಂತ ಹೇಗೆ ತೋರಿಸೋದು? ಅಧ್ಯಾಪಕಿ ಹುದ್ದೆಗೆ ಪ್ರಬಂಧ ಬೇಕೇ ಬೇಕಿತ್ತು. ಸರ್ ದಿನಾ 'ಏನಾಯ್ತು, ಏನಾಯ್ತು' ಅಂತಿದ್ರು. ಒಂದು ಸಂಖ್ಯೆ ತಿದ್ದಿದೆ, ಅದಕ್ಕೆ ಹೊಂದಿಸೋಕೆ ಉಳಿದದ್ದನ್ನೂ ತಿದ್ದಿದೆ. ವಾಣಿ, ನಿನ್ನ ಬಾಟಲಿ ಇಡೋಕೆ ನಂಗೆ ಮನಸ್ಸಿರಲಿಲ್ಲ ಕಣೇ."

"ಆದ್ರೂ ಇಟ್ಟೆ," ಎಂದಳು ವಾಣಿ. "ಆಮೇಲೆ ನಮ್ಮನೆಗೆ ಬಂದು ನನ್ನ ಕಣ್ಣೀರು ಒರೆಸಿದೆ."

ಮಹದೇವಯ್ಯ ಮಹಿಳಾ ಪೇದೆಯನ್ನು ಕರೆದರು.

ಮರುದಿನ ತಪಾಸಣೆಯವರು ತೋಟಕ್ಕೆ ಬಂದಾಗ ಪ್ರೊಫೆಸರ್ ಚಂದ್ರಶೇಖರ್ ಅವರೆದುರು ನಿಂತು, ಪ್ರಬಂಧ ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಒಪ್ಪಿಕೊಳ್ಳುವಾಗಲೂ 'ನಮ್ಮ ತಂಡದಿಂದ ಆದ ತಪ್ಪು' ಎಂದೇ ಅನ್ನುತ್ತಿದ್ದರು. ತಪಾಸಣೆಯ ಹಿರಿಯರೊಬ್ಬರು ತಡೆದು, "ನಿಮ್ಮದೇನು ಸರ್?" ಎಂದು ಕೇಳಿದ ಮೇಲೆ, "ನಾನು ಬಂದು ನೋಡಲಿಲ್ಲ," ಎಂದರು. ವಾಣಿಯ ಮಾರ್ಗದರ್ಶಕರನ್ನು ಬದಲಿಸಲು ಕೇಂದ್ರ ಒಪ್ಪಿತು.

ಎಲ್ಲ ಮುಗಿದು ಕಾರು ಹತ್ತುವಾಗ ಬೆಟ್ಟಯ್ಯ ವಾಣಿಯ ಹತ್ತಿರ ಬಂದ. ಪ್ರಬಂಧದ ಸುದ್ದಿ ನಂಬಿ ಅವನು, ಅವನ ಅಣ್ಣತಮ್ಮಂದಿರು, ಎಲ್ಲ ಗದ್ದೆಗೂ ರಸಬಾಳೆ ಮರಿ ನೆಡುವುದೆಂದು ಮಾತಾಡಿಕೊಂಡಿದ್ದರು.

"ಅಂಗಾರೆ ಆ ಔಸ್ದಿ ಸುಳ್ಳಾ ಕಣವ್ವ?"

"ಸುಳ್ಳು ಅಂತಲೂ ಹೇಳಕ್ಕಾಗಲ್ಲ, ನಿಜ ಅಂತಲೂ ಹೇಳಕ್ಕಾಗಲ್ಲ. ಯಾರೂ ಪರೀಕ್ಷೇನೇ ಮಾಡಿಲ್ಲ. ನಂಗೆ ಗೊತ್ತಿಲ್ಲ ಬೆಟ್ಟಯ್ಯ."

ಬೆಟ್ಟಯ್ಯ ಕಡಿದ ಮಡಿಯ ಕಡೆ ನೋಡುತ್ತ ನಿಂತ. "ಇಷ್ಟ್ ದಿನ ಎಲ್ರೂ ಗೊತ್ತು ಗೊತ್ತು ಅಂತಿದ್ರು," ಎಂದ. "ಬ್ಯಾಸ್ಗೆ ಮುಗೀಲಿ. ಬುಡದಲ್ಲಿ ಮರಿ ಒಡೀತವೆ. ಬೇಲಿ ತೆಗ್ದಿಟ್ಟಿರ್ತೀನಿ, ಬಂದು ನೋಡು."