ಅತ್ತೆಯ ರಕ್ತದಲ್ಲಿ ಏರಿದ ಈಸ್ಟ್ರೋಜನ್

"ಈ ವಯಸ್ಸಲ್ಲಿ ನನ್ನ ಹೊಟ್ಟೆ ಕುಯ್ಯಬೇಕಾಗಬಹುದಂತೆ!" ಎನ್ನುತ್ತ ಮೇಲಿನ ಮನೆಯ ದರ್ಜಿ ಹೆಂಗಸು ಒಳಗೆ ನುಗ್ಗಿದರು. ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಲೇ ಇದ್ದರು.

ಪೊಲೀಸ್ ಕೆಲಸದಿಂದ ನಿವೃತ್ತರಾದ ನನ್ನ ಚಿಕ್ಕಮ್ಮ ಕನ್ನಡಕ ಒರೆಸಿಕೊಂಡರು. ಒಗಟಿನ ವಾಸನೆ ಹತ್ತಿದಾಗ ಅವರು ಮಾಡುತ್ತಿದ್ದುದೇ ಹಾಗೆ.

ಮುಟ್ಟು ನಿಂತು ವರ್ಷಗಳಾಗಿದ್ದ ಆಕೆಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತೀರಾ ಕಡಿಮೆ ಇರಬೇಕಿತ್ತು. ರಕ್ತಪರೀಕ್ಷೆಯಲ್ಲಿ ಅದು ಆಕಾಶಕ್ಕೇರಿತ್ತು. ಅಂಡಾಶಯದಲ್ಲಿ ಗಡ್ಡೆ ಇರಬಹುದು, ಸ್ಕ್ಯಾನ್ ಮಾಡಿಸಿ ಎಂದಿದ್ದರು ಡಾಕ್ಟರು. ಎರಡು ಸಲ ಗರ್ಭ ಕಳೆದುಕೊಂಡಿದ್ದ ಆಕೆಯ ಸೊಸೆಯೂ ಅಂದೇ, ಮನೆಗೆ ಬಂದ ಲ್ಯಾಬಿನವನಿಗೆ ರಕ್ತ ಕೊಟ್ಟಿದ್ದಳು. ಅವಳದು ಪಾತಾಳಕ್ಕಿಳಿದಿತ್ತು.

"ಆ ಲ್ಯಾಬಿನವನು ಯಾರದ್ದೋ ರಕ್ತ ನನ್ನ ತಲೆಗೆ ಕಟ್ಟಿದಾನೆ. ಅವನ ಕೆಲಸ ತೆಗೆಸದೆ ಬಿಡಲ್ಲ!"

ಚಿಕ್ಕಮ್ಮ ಅವನನ್ನೂ ಕರೆಸಿದರು. ನಾವೆಲ್ಲ ಮೇಲೆ ಹೋದೆವು. ಸೊಸೆ ಉಳುಕಿ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಳು.

"ಎಕ್ಸ್‌ರೇ ತೆಗೆಸಿದ್ರಾ?" ಎಂದು ಚಿಕ್ಕಮ್ಮ ಕೇಳಿದರು.

"ಬಾಗಿಲ ತನಕ ಹೋಗಿ ವಾಪಸ್ ಬಂದ್ಲು, ಹಠಮಾರಿ," ಎಂದ ಅವಳ ಗಂಡ.

ಲ್ಯಾಬಿನವನು ಕೈಮುಗಿದ. "ಅವತ್ತು ಇದೇ ಮೊದಲ ಮನೆ, ಮೇಡಂ. ಪೆಟ್ಟಿಗೇಲಿ ಬೇರೆ ರಕ್ತ ಇರಲೇ ಇಲ್ಲ. ಸೀಸೆಗಳನ್ನ ಮೇಜಿನ ಮೇಲಿಟ್ಟೆ, ಎಡಕ್ಕೆ ಅತ್ತೇದು, ಬಲಕ್ಕೆ ಸೊಸೇದು. ಫೋನ್ ಬಂತು, ಹೊರಗೆ ಹೋದೆ. ಬಂದು ಹೆಸರು ಅಂಟಿಸಿದೆ."

"ಆಗ ನೀವೆಲ್ಲ ಎಲ್ಲಿದ್ರಿ?" ಚಿಕ್ಕಮ್ಮ ಮನೆಯವರನ್ನು ಕೇಳಿದರು.

"ಸ್ನಾನಕ್ಕೆ ಹೋಗಿದ್ದೆ," ಎಂದ ಗಂಡ.

"ತಲೆ ಸುತ್ತಿ ಒಳಗೆ ಮಲಗಿದ್ದೆ," ಎಂದರು ಅತ್ತೆ.

ಸೊಸೆ ಸೆರಗಿನ ಅಂಚು ತಿರುವತೊಡಗಿದಳು.

ಚಿಕ್ಕಮ್ಮ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. "ಒಬ್ಬರದು ಏರಿದೆ, ಇನ್ನೊಬ್ಬರದು ಇಳಿದಿದೆ. ಹೊರಗಿನ ರಕ್ತ ಬಂದಿಲ್ಲ. ಅಂದ್ರೆ ಸೀಸೆಗಳು ಇಲ್ಲೇ ಜಾಗ ಬದಲಾಯಿಸಿವೆ. ಇಳಿದದ್ದು ಅತ್ತೆಯದು, ಆ ವಯಸ್ಸಿಗೆ ಸರಿಯಾಗೇ ಇದೆ. ಏರಿದ್ದು ಸೊಸೆಯದು. ಗರ್ಭ ನಿಂತಾಗ ಈಸ್ಟ್ರೋಜನ್ ಹಾಗೇ ಏರೋದು. ಕಾಲು ಅಷ್ಟು ನೋಯ್ತಿದ್ರೂ ಎಕ್ಸ್‌ರೇಗೆ ಹೆದರೋರು ಯಾರು? ಬಸುರಿ ತಾನೆ? ಮೇಜಿನ ಹತ್ತಿರ ಉಳಿದಿದ್ದವಳೂ ಅವಳೊಬ್ಬಳೇ."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಹೋದ ಸಲ ನೀವು ಪುಟ್ಟ ಅಂಗಿ ಹೊಲಿದಿದ್ರಿ, ಅತ್ತೆ. ಆಮೇಲೆ ನೀವೇ ಅದರ ಹೊಲಿಗೆ ಬಿಚ್ತಾ ಕೂತಿದ್ದನ್ನ ನೋಡ್ದೆ. ಇದು ಗಟ್ಟಿಯಾಗೋ ತನಕ ಯಾರಿಗೂ ತಿಳೀಬಾರ್ದು ಅಂತ ಸೀಸೆ ಬದಲಾಯಿಸ್ದೆ. ಅದು ನಿಮ್ಮ ತಲೆ ಮೇಲೇ ಬರತ್ತೆ ಅಂದ್ಕೊಂಡಿರಲಿಲ್ಲ. ಗಡ್ಡೆ ಅಂದಾಗ ಹೇಳೋಕೆ ಬಾಯಿ ಬರಲಿಲ್ಲ."

ಅತ್ತೆ ಮೊದಲು ಲ್ಯಾಬಿನವನ ಕಡೆ ತಿರುಗಿದರು. "ತಪ್ಪಾಯ್ತಪ್ಪ. ಇನ್ನೊಂದು ಸಲ ರಕ್ತ ತಗೊ. ಹೆಸರು ಮಾತ್ರ ಇಲ್ಲೇ, ನನ್ನ ಕಣ್ಣೆದುರಿಗೇ ಅಂಟಿಸು."

ಆಮೇಲೆ ಸೊಸೆಯ ಪಕ್ಕ ಹೋಗಿ ಅವಳ ತಲೆಯನ್ನು ಹೆಗಲಿಗೆ ಎಳೆದುಕೊಂಡರು. "ಒಬ್ಬಳೇ ಯಾಕೆ ಹೆದರ್ಕೊಂಡಿದ್ದೆ, ಮಗಳೇ? ಹೆದರೋದಾದ್ರೆ ಇಬ್ಬರೂ ಸೇರಿ ಹೆದರೋಣ."