ನೀಲಿರೆಕ್ಕೆಯ ಬಿಳಿ ಪುಟ

"ಎಡಿಟರ್ ಯಾರ್ರೀ ಇಲ್ಲಿ?"

ಆ ಪುಟ್ಟ ಥಿಯೇಟರಿನಲ್ಲಿ ದೀಪ ಹತ್ತಿದ ಕೂಡಲೇ ಕೇಳಿದ ಮೊದಲ ಮಾತು ಅದು. ಚಪ್ಪಾಳೆಗೆ ಎತ್ತಿದ್ದ ಕೈಗಳು ಹಾಗೇ ನಿಂತವು.

ಮುಂದಿನ ಸಾಲಿನಲ್ಲಿ ಎದ್ದು ನಿಂತವಳು ಚಿತ್ರಗಾರ್ತಿ. 'ನೀಲಿರೆಕ್ಕೆ' ಎಂಬ ಕಾಮಿಕ್ಸ್ ಪುಸ್ತಕದ ಕಥೆ, ಚಿತ್ರ, ಬಣ್ಣ ಎಲ್ಲವೂ ಅವಳದೇ. ಆ ಪುಸ್ತಕ ಈಗ ಸಿನಿಮಾ ಆಗಿತ್ತು. ಬಿಡುಗಡೆಗೆ ಮುಂಚೆ ಅವಳೊಮ್ಮೆ ನೋಡಲಿ ಎಂದು ಇವತ್ತು ಕರೆಸಿದ್ದರು.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. ಕೆದರಿದ ಕೂದಲು, ಕೊರಳಲ್ಲಿ ಹೆಡ್‌ಫೋನು, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು.

"ನಾನೇ..."

"ನನ್ನ ಬಿಳಿ ಪುಟ ಎಲ್ಲಿ?"

"ಯಾವ ಬಿಳಿ ಪುಟ?"

ಅಷ್ಟೇ! ಅವಳ ಮೂಗಿನ ತುದಿ ಕೆಂಪಾಯಿತು. 'ನೋಡು ಇವನ ಧೈರ್ಯ! ಕತ್ತರಿಸೋದೂ ಕತ್ತರಿಸಿ, ಏನೂ ಗೊತ್ತಿಲ್ಲದವನ ಹಾಗೆ ನಿಂತಿದ್ದಾನೆ!'

ನಿಜ ಹೇಳಬೇಕೆಂದರೆ, ಅವಳ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮೊದಲರ್ಧ ನೋಡುವಾಗ ಅವಳು ಬೆರಗಾಗಿ ಹೋಗಿದ್ದಳು. ಕೆಂಪು ಸಂಜೆಯಲ್ಲಿ ಓರೆಯಾಗಿ ನಿಂತ ಕಟ್ಟಡಗಳು, ಪರದೆಯೇ ಚೌಕಗಳಾಗಿ ಒಡೆದುಕೊಂಡು ಒಂದರಿಂದೊಂದಕ್ಕೆ ಜಿಗಿಯುವ ಹೊಡೆದಾಟ... ತನ್ನ ಪುಟಗಳ ಓಟ ಹೇಗಿರಬೇಕೆಂದು ಮನಸ್ಸಲ್ಲೇ ಅಂದುಕೊಂಡಿದ್ದಳೋ ಹಾಗೇ ಇತ್ತು. 'ಯಾರಪ್ಪಾ ಇದನ್ನ ಜೋಡಿಸಿದ್ದು? ನನ್ನ ಮನಸ್ಸಿನೊಳಗೆ ಕೂತು ನೋಡಿದ ಹಾಗಿದೆಯಲ್ಲ!' ಎಂದು ಕತ್ತಲಲ್ಲಿ ಒಬ್ಬಳೇ ನಕ್ಕಿದ್ದಳು.

ಆಮೇಲೆ ಆ ದೃಶ್ಯ ಬಂತು. ರೆಕ್ಕೆ ಬಿಚ್ಚಿಕೊಳ್ಳುತ್ತದೋ ಇಲ್ಲವೋ ಎಂದು ಗೊತ್ತಿಲ್ಲದೆ ಕಥೆಯ ನಾಯಕಿ ನೀಲಿರೆಕ್ಕೆ ಮೊದಲ ಸಲ ಮಹಡಿಯಿಂದ ಹಾರುವ ದೃಶ್ಯ. ಕೆಳಗೆ ಬಲೆ ಹಿಡಿದು ನಿಂತ ಅವಳ ಅಪ್ಪ. ಪುಸ್ತಕದಲ್ಲಿ ಅವಳು ಹಾರುತ್ತಾಳೆ, ಪುಟ ತಿರುಗಿಸಿದರೆ ಬರೀ ಬಿಳಿ. ಒಂದು ಗೆರೆಯೂ ಇಲ್ಲ. ಅದನ್ನೂ ತಿರುಗಿಸಿದ ಮೇಲೆಯೇ ಅಪ್ಪನ ಬಲೆ. ಸಿನಿಮಾದಲ್ಲಿ ಮಾತ್ರ ಹಾರಿದಳು, ಢಂ ಎಂದು ಡ್ರಮ್ಮು, ಬಲೆಗೆ ಬಿದ್ದಳು, ಮುಗಿಯಿತು!

"ಜುಟ್ಟಿಗೆ ಮಲ್ಲಿಗೆ, ಹೊಟ್ಟೆಗೆ ಹಿಟ್ಟಿಲ್ಲ ಅನ್ನೋ ಹಾಗಿದೆ ನಿಮ್ಮ ಸಿನಿಮಾ! ನನ್ನ ಪುಸ್ತಕದ ಜೀವ ಇದ್ದಿದ್ದೇ ಆ ಪುಟದಲ್ಲಿ. ಅದಿಲ್ಲ ಅಂದ್ರೆ ಟೈಟಲ್‌ನಲ್ಲಿ ನನ್ನ ಹೆಸರೂ ಬೇಡ. ತೆಗೆದುಬಿಡಿ!"

ನಿರ್ದೇಶಕಿ ಓಡಿ ಬಂದಳು. ದಪ್ಪ ಕನ್ನಡಕದ, ದೊಡ್ಡ ದನಿಯ ಹೆಂಗಸು. "ಅಯ್ಯೋ, ಕೂತ್ಕೊಂಡು ಮಾತಾಡೋಣಮ್ಮಾ... ಮುಂದಿನ ವಾರ ಬಿಡುಗಡೆ ಇದೆ..."

ಚಿತ್ರಗಾರ್ತಿ ಆಗಲೇ ಬಾಗಿಲು ದಾಟಿದ್ದಳು. ಎಡಿಟರ್ ಮಾತ್ರ ಬಿಸ್ಕತ್ತು ಹಿಡಿದೇ ನಿಂತಿದ್ದ.

"ಯಾವ ಬಿಳಿ ಪುಟ?" ಎಂದು ಅವನು ಮತ್ತೆ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ.

* * *

"ಅಪ್ಪಾ, ನನ್ನ ಹೆಸರು ತೆಗೆಸ್ತಿದ್ದೀನಿ."

ಅಪ್ಪ ಈಜು ಕಲಿಸುವ ಮೇಷ್ಟ್ರು. ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಮಗಳ ಮುಖ ನೋಡಿ ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

"ಯಾಕೆ ಗುಬ್ಬೀ? ಅಷ್ಟು ಕೆಟ್ಟದಾಗಿದೆಯಾ?"

"ಕೆಟ್ಟದಾಗಿದ್ರೆ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ. ಚೆನ್ನಾಗಿದೆ! ಚೆನ್ನಾಗಿ ಮಾಡೋಕೆ ಬರೋ ಮನುಷ್ಯ ಬೇಕೂಂತಲೇ ನಮ್ಮ ಪುಟ ಕತ್ತರಿಸಿದ್ದಾನೆ."

ನಮ್ಮ ಪುಟ ಎಂದಳಲ್ಲ, ಅದಕ್ಕೂ ಕಾರಣವಿದೆ. ಚಿಕ್ಕವಳಿದ್ದಾಗ ಅವಳಿಗೆ ನೀರೆಂದರೆ ಜೀವಭಯ. ಅಪ್ಪ ಕೊಳದಲ್ಲಿ ತೋಳು ಚಾಚಿ ನಿಂತು, "ಹಾರು ಗುಬ್ಬೀ, ನಾನಿದ್ದೀನಿ" ಎನ್ನುತ್ತಿದ್ದರು. ಒಂದು ದಿನ ಕೊಳದ ಅಂಚಿನ ಹಲಗೆಯಿಂದ ಕಣ್ಣು ಮುಚ್ಚಿ ಹಾರಿಯೇಬಿಟ್ಟಳು. ಕಾಲ ಕೆಳಗೆ ಹಲಗೆ ಇಲ್ಲ, ಅಪ್ಪನ ಕೈ ಇನ್ನೂ ಸಿಕ್ಕಿಲ್ಲ... ಆ ಒಂದು ಕ್ಷಣವನ್ನು ಬಿಡಿಸಲು ಅವಳು ಎಷ್ಟೋ ಹಾಳೆ ಹರಿದಿದ್ದಳು. ಕೊನೆಗೆ ಏನೂ ಬಿಡಿಸದೆ ಬಿಟ್ಟಾಗಲೇ ಅದು ಸರಿಯಾಗಿ ಬಂದಿತ್ತು.

"ಆ ಪುಟ ಏನು ಅಂತ ಅವರಿಗೆ ಹೇಳಿದ್ಯಾ?" ಅಪ್ಪ ಕೇಳಿದರು.

"ಹೇಳೋದೇನು? ನೋಡಿದವರಿಗೆ ಗೊತ್ತಾಗ್ಬೇಕು!"

"ಓಹೋ! ನೀನು ಬಾಯಿ ಬಿಡಲ್ಲ, ಲೋಕ ಎಲ್ಲಾ ಅರ್ಥ ಮಾಡ್ಕೋಬೇಕು. ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬಾ ಅಂದ್ರೆ ಬರಲ್ಲ ಕಣೇ. ಒಂದು ಸಲ ಕೇಳಿ ನೋಡು."

ಅವಳು ಬಟ್ಟೆಯ ರಾಶಿಯಿಂದ ಒಂದನ್ನೆಳೆದುಕೊಂಡು ತಾನೇ ಮಡಚತೊಡಗಿದಳು. ಆದರೆ ಅಪ್ಪನ ಮಾತು ಮುಳ್ಳಿನಂತೆ ಒಳಗೇ ಚುಚ್ಚುತ್ತಿತ್ತು.

* * *

ಮರುದಿನ ಬೆಳಿಗ್ಗೆ ಅವಳ ಕೆಲಸದ ಕೋಣೆಯ ಬಾಗಿಲು ಬಡಿದ ಸದ್ದು. ತೆರೆದರೆ ಅವನೇ! ಕಂಕುಳಲ್ಲಿ ಹಾಳೆಗಳ ದಪ್ಪ ಕಟ್ಟು, ಕಣ್ಣಲ್ಲಿ ನಿದ್ದೆ ಇಲ್ಲದ ಕೆಂಪು.

"ಬೈಯೋದಿದ್ರೆ ಬೈರಿ, ಆದ್ರೆ ಮೊದಲು ಇದನ್ನ ನೋಡಿ. ಇದು ನಿಮ್ಮ ಪುಸ್ತಕ. ಆಫೀಸಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟಿದ್ದು. ಇದನ್ನ ನೋಡ್ಕೊಂಡೇ ಎಲ್ಲಾ ಜೋಡಿಸಿದ್ದೀನಿ. ಬಿಳಿ ಪುಟ ತೋರಿಸಿ!"

'ಸರಿ, ತೋರಿಸೇಬಿಡ್ತೀನಿ' ಎಂದುಕೊಂಡು ಅವಳು ಹಾಳೆ ಮಗುಚಿದಳು. ನೀಲಿರೆಕ್ಕೆ ಮಹಡಿಯ ಅಂಚಿಗೆ ಬಂದಳು. ಹಾರಿದಳು. ಮುಂದಿನ ಹಾಳೆ... ಅಪ್ಪನ ಬಲೆ!

ಹಿಂದೆ ಮಗುಚಿದಳು. ಮುಂದೆ ಮಗುಚಿದಳು. ಬಿಳಿ ಪುಟ ಇರಲೇ ಇಲ್ಲ.

"ಇದು... ಇದು ಹೇಗೆ?"

ಅವನು ಮೆಲ್ಲಗೆ ಹೇಳಿದ. "ಬೆಳಿಗ್ಗೆ ಹೋಗಿ ಆ ಸ್ಕ್ಯಾನರ್ ನೋಡ್ದೆ. ಖಾಲಿ ಹಾಳೆ ಬಂದ್ರೆ ತಾನೇ ಬಿಟ್ಟುಬಿಡೋ ಹಾಗೆ ಇಟ್ಟಿದ್ದಾರೆ. ಆಫೀಸಿನ ಕಾಗದಕ್ಕೆ ಅದು ಸರಿ. ನಿಮ್ಮ ಪುಟಾನೂ ಖಾಲಿ ಅಂದ್ಕೊಂಡು ನುಂಗಿದೆ."

"ಅಲ್ಲಾ, ಒಂದು ಪುಟ ಕಮ್ಮಿ ಅಂತ ಯಾರಿಗೂ ಗೊತ್ತಾಗ್ಲಿಲ್ವಾ?"

"ಪುಟಕ್ಕೆ ನಂಬರ್ ಇದ್ದಿದ್ರೆ ಗೊತ್ತಾಗ್ತಿತ್ತು..."

ನಂಬರ್ ಹಾಕಿದರೆ ಚಿತ್ರದ ಅಂದ ಕೆಡುತ್ತದೆ ಎಂದು ಮುದ್ರಣದವರ ಜೊತೆ ಜಗಳವಾಡಿದ್ದವಳು ಅವಳೇ! ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು. ಎಲ್ಲರೆದುರು ಎಷ್ಟು ಬೈದುಬಿಟ್ಟೆ ಈ ಪಾಪದ ಮನುಷ್ಯನಿಗೆ!

ಅವಳು ಕಪಾಟಿನಿಂದ ಅಸಲಿ ಪುಸ್ತಕ ತೆಗೆದು ಅವನ ಕೈಗಿಟ್ಟಳು. ಅವನು ಕಿಟಕಿಯ ಬಳಿ ನಿಂತು ಮೊದಲ ಪುಟದಿಂದ ಓದತೊಡಗಿದ. ನೀಲಿರೆಕ್ಕೆ ಹಾರಿದಳು. ಅವನು ಪುಟ ತಿರುಗಿಸಿದ.

ಬಿಳಿ.

ಅವನ ಬೆರಳು ಅಲ್ಲೇ ನಿಂತಿತು. ಉಸಿರೂ ನಿಂತಂತಿತ್ತು. ಬಹಳ ಹೊತ್ತಿನ ಮೇಲೆ ಮುಂದಿನ ಪುಟ ತಿರುಗಿಸಿ, ಬಲೆ ನೋಡಿ, ಉಸ್ಸೆಂದು ಉಸಿರುಬಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು.

"ಅವಳ ಜೊತೆ ನನ್ನನ್ನೂ ಗಾಳಿಯಲ್ಲಿ ಬಿಟ್ಟುಬಿಟ್ರಲ್ರೀ..."

ವಿವರಿಸಬೇಕಾಗಿಯೇ ಬರಲಿಲ್ಲ! ಅವಳ ಎದೆಯೊಳಗೆ ಏನೋ ಮೆತ್ತಗಾಯಿತು.

"ಸಾರಿ ಕಣ್ರೀ. ನಾನು ಕೇಳ್ಬೇಕಿತ್ತು. ಕೂಗಾಡಿಬಿಟ್ಟೆ."

"ಪರವಾಗಿಲ್ಲ. ಹಿಟ್ಟಿಲ್ಲ ಅಂದ್ರೂ ಮಲ್ಲಿಗೆ ಇದೆ ಅಂದ್ರಲ್ಲ, ಅಷ್ಟು ಸಾಕು."

ಇಬ್ಬರೂ ನಕ್ಕುಬಿಟ್ಟರು.

"ಆದ್ರೂ ನಿಮ್ಮ ಖಳನಾಯಕ ಮಾತು ಜಾಸ್ತಿ ಆಡ್ತಾನೆ" ಎಂದಳು ಅವಳು, ಬಿಡದೆ.

"ಅದಕ್ಕೆ ನಾನೇನು ಮಾಡ್ಲಿ? ನಿಮ್ಮ ಪುಸ್ತಕದಲ್ಲಿ ಇನ್ನೂ ಜಾಸ್ತಿ ಆಡ್ತಾನೆ!"

* * *

ನಿರ್ದೇಶಕಿ ಸುಲಭಕ್ಕೆ ಒಪ್ಪುವವಳಲ್ಲ.

"ಬರೀ ಬಿಳಿ ಪರದೆ? ಸದ್ದೂ ಇಲ್ಲ? ಪ್ರೊಜೆಕ್ಟರ್ ಕೆಟ್ಟೋಯ್ತು ಅಂತ ಜನ ಸೀಟಿ ಹೊಡೀತಾರಮ್ಮಾ! ಇಡೀ ಸಿನಿಮಾ ನಗೆಪಾಟಲಾಗುತ್ತೆ. ಜವಾಬ್ದಾರಿ ಯಾರದು?"

"ನಂದು" ಎಂದ ಎಡಿಟರ್. "ಜನ ನಕ್ಕರೆ, ಅದು ಎಡಿಟರ್ ತಪ್ಪು ಅಂತ ಎಲ್ಲರಿಗೂ ಹೇಳಿ. ಇನ್ಮೇಲೆ ನನಗೆ ಕೆಲಸ ಕೊಡ್ಬೇಡಿ."

ಚಿತ್ರಗಾರ್ತಿ ಬೆಚ್ಚಿ ಅವನ ಕಡೆ ನೋಡಿದಳು. 'ನನ್ನ ಒಂದು ಪುಟಕ್ಕೆ ಇವನು ತನ್ನ ಅನ್ನವನ್ನೇ ಪಣಕ್ಕಿಡ್ತಿದ್ದಾನಲ್ಲ!'

"ನನ್ನ ಹೆಸರು ತೆಗೀಬೇಡಿ" ಎಂದಳು ಥಟ್ಟನೆ. "ಇವರ ಹೆಸರಿನ ಪಕ್ಕದಲ್ಲೇ ಇರಲಿ. ನಗೋದಾದ್ರೆ ಇಬ್ಬರನ್ನೂ ನೋಡಿ ನಗ್ಲಿ."

ನಿರ್ದೇಶಕಿ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದಳು. "ಹೂಂ... ಪಕ್ಕದಲ್ಲೇ ಇರ್ಬೇಕಾ? ಸರಿ ಸರಿ!"

ಆ ವಾರ ಅವರಿಬ್ಬರೂ ಎಡಿಟಿಂಗ್ ಕೋಣೆಯಲ್ಲಿ ಪಕ್ಕಪಕ್ಕ ಕೂತರು. ಖಳನಾಯಕನ ಭಾಷಣಕ್ಕೆ ಅವಳೇ ಕತ್ತರಿ ಹಾಕಿಸಿದಳು. ಡ್ರಮ್ಮು ಹೋಯಿತು. ಬಿಳಿ ಎಷ್ಟು ಹೊತ್ತು ಇರಬೇಕು ಎಂಬುದಕ್ಕೆ ಅಳತೆ ಸಿಗಲಿಲ್ಲ. ಕೊನೆಗೆ ಅವಳು ಪುಸ್ತಕ ಹಿಡಿದು ನಿಂತು, ಪುಟ ತಿರುಗಿಸಿ ತೋರಿಸಿದಳು. ಅವಳ ಕೈ ಎಷ್ಟು ಹೊತ್ತು ತಡೆಯಿತೋ ಅಷ್ಟನ್ನೇ ಅವನು ಇಟ್ಟ. ಮನೆಗೆ ಬಂದರೂ ಅವಳ ಬಾಯಲ್ಲಿ ಅವನದೇ ಮಾತು.

"ಎಡಿಟರ್ ಹೀಗಂದ್ರು, ಎಡಿಟರ್ ಹಾಗಂದ್ರು... ಸಿನಿಮಾ ಕಥೆ ಬಿಟ್ಟು ಬೇರೆ ಏನೋ ಕಥೆ ನಡೀತಿರೋ ಹಾಗಿದೆ" ಎಂದರು ಅಪ್ಪ.

"ಹೇ! ನಾನೇನಂದೆ ಈಗ? ಹಾಗೇನಿಲ್ಲಪ್ಪಾ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಳಂತೆ! ಅವನಿಗೆ ಹೇಳಿದ್ಯಾ?"

"ನೋಡಿದವರಿಗೆ ಗೊತ್ತಾಗ್ಬೇ..." ಎಂದು ಶುರುಮಾಡಿ, ಅವಳೇ ನಾಲಿಗೆ ಕಚ್ಚಿಕೊಂಡಳು. ಇದೇ ಮಾತಿನಿಂದ ಅಲ್ಲವೇ ಹೋದ ಸಲ ಎಡವಟ್ಟಾಗಿದ್ದು!

ಆದರೆ ಹೇಳುವುದು ಹೇಗೆ? ಅವನು ಇಲ್ಲ ಎಂದುಬಿಟ್ಟರೆ? ಬಿಡುಗಡೆಯಾದ ಮೇಲೆ ಅವನ ದಾರಿ ಅವನಿಗೆ, ಇವಳ ದಾರಿ ಇವಳಿಗೆ.

* * *

ಬಿಡುಗಡೆಯ ಮಧ್ಯಾಹ್ನ ಥಿಯೇಟರ್ ತುಂಬಿತ್ತು. ಅವನು ಅವಳ ಎಡಕ್ಕೆ, ಅಪ್ಪ ಬಲಕ್ಕೆ. ಅಪ್ಪನ ಸೀಟಿಯನ್ನು ಅವಳು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದಳು.

ಕೆಂಪು ಸಂಜೆಗೆ ಜನ "ಆಹಾ" ಎಂದರು. ಚೌಕಗಳ ಹೊಡೆದಾಟಕ್ಕೆ ಕೇಕೆ ಹಾಕಿದರು. ಖಳನಾಯಕ ಬಾಯಿ ತೆರೆದಾಗ, ಅಷ್ಟು ಕತ್ತರಿಸಿದ್ದರೂ, ಯಾರೋ ಆಕಳಿಸಿದರು. "ಇನ್ನೂ ಕತ್ತರಿಸ್ಬೇಕಿತ್ತು" ಎಂದು ಇಬ್ಬರೂ ಒಟ್ಟಿಗೇ ಪಿಸುಗುಟ್ಟಿದರು.

ನೀಲಿರೆಕ್ಕೆ ಮಹಡಿಯ ಅಂಚಿಗೆ ಬಂದಳು. ಚಿತ್ರಗಾರ್ತಿಯ ಅಂಗೈ ಬೆವರಿತು.

ಹಾರಿದಳು!

ಬಿಳಿ. ಸದ್ದಿಲ್ಲ.

ಪರದೆಯ ಬೆಳಕಿಗೆ ಇಡೀ ಥಿಯೇಟರ್ ಬೆಳಗಿತು. ಹಿಂದೆ ಯಾರೋ ಸೀಟಿ ಹೊಡೆಯಲು ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಯಾರೂ ನಗಲಿಲ್ಲ. ಸಾಲುಸಾಲು ಮುಖಗಳು ಉಸಿರು ಹಿಡಿದು ಕೂತಿದ್ದವು. ಅವಳು ಪಕ್ಕಕ್ಕೆ ತಿರುಗಿದಳು. ಅವನು ಪರದೆ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

'ಹಾರು ಗುಬ್ಬೀ.'

"ನೀವಂದ್ರೆ ನನಗೆ ತುಂಬಾ ಇಷ್ಟ" ಎಂದಳು ಅವಳು. "ಸಿನಿಮಾ ಮುಗಿದ ಮೇಲೂ ನೀವು ನನ್ನ ಜೊತೆ ಇರ್ಬೇಕು."

ಮೆಲ್ಲಗೇ ಹೇಳಿದಳು. ಆದರೆ ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ ಸುತ್ತಲಿನ ಸಾಲಿಗೆಲ್ಲ ಕೇಳಿಸಿತು!

ಅವನು ಉತ್ತರ ಕೊಡಲಿಲ್ಲ. ಪರದೆ ಇನ್ನೂ ಬಿಳಿ. 'ಅಯ್ಯೋ, ಹೇಳ್ಬಾರದಿತ್ತಾ? ಯಾಕೆ ಸುಮ್ಮನಿದ್ದಾನೆ?' ಈ ಬಿಳಿಯನ್ನು ಇಷ್ಟು ಉದ್ದ ಇಡಿಸಿದ್ದು ಯಾಕಾದರೂ ಎಂದು ತನ್ನನ್ನೇ ಬೈದುಕೊಂಡಳು. ಕಾಲ ಕೆಳಗೆ ನೆಲವೇ ಇಲ್ಲ...

ಪರದೆಯ ಮೇಲೆ ಅಪ್ಪನ ಬಲೆ ಬಂತು. ನೀಲಿರೆಕ್ಕೆ ಅದರೊಳಗೆ ಬಿದ್ದು ನಕ್ಕಳು. ಥಿಯೇಟರ್ ಎದ್ದು ಚಪ್ಪಾಳೆ ತಟ್ಟಿತು. ಅದೇ ಗಳಿಗೆಗೆ ಅವನ ಕೈ ಬಂದು ಅವಳ ಬೆವರಿದ ಅಂಗೈಯನ್ನು ಗಟ್ಟಿಯಾಗಿ ಹಿಡಿಯಿತು.

ಅವಳ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು.

"ಇಷ್ಟು ಹೊತ್ತು ಯಾಕೆ ಸುಮ್ಮನಿದ್ದಿದ್ದು? ನನ್ನ ಜೀವ ಬಾಯಿಗೆ ಬಂದಿತ್ತು!"

"ಬಿಳಿ ಪುಟ ಕತ್ತರಿಸ್ಬಾರದು ಅಂತ ಹೇಳಿದ್ದು ನೀವೇ ಅಲ್ವಾ?"

ಬಲಗಡೆಯಿಂದ ಅಪ್ಪ ಕೈ ಚಾಚಿದರು. "ಗುಬ್ಬೀ, ನನ್ನ ಸೀಟಿ ಕೊಡಮ್ಮ. ಈಗಲಾದ್ರೂ ಒಂದು ಸಲ ಊದ್ತೀನಿ."

ಅವಳು ಅಳುತ್ತಲೇ ನಗುತ್ತಾ ಸೀಟಿ ಕೊಟ್ಟು, ಮತ್ತೆ ಎಡಕ್ಕೆ ತಿರುಗಿದಳು.

"ಇನ್ನೊಂದು ಸಲ ಹಾರು ಅಂದ್ರೆ ನನ್ನಿಂದಾಗಲ್ಲಪ್ಪ."

ಅವನು ಅವಳ ಕೈಯನ್ನು ಬಿಡಲಿಲ್ಲ.

"ಹಾರೋದು ಬೇಡ. ನಾನಿದ್ದೀನಿ."